ಸಿಗದ ಪೀಪಾಯಿ, ಮುಟ್ಟದ ಸೇಡು

ನೆಲದಡಿಯ ದಾರಿ. ಪಂಜು ಹಿಡಿದು ಇಬ್ಬರು ಇಳಿದು ಹೋಗುತ್ತಿದ್ದಾರೆ. ಗೋಡೆಗಳ ಮೇಲೆಲ್ಲ ಬಿಳಿ ಪೆಟ್ಲುಪ್ಪು ಬಲೆಬಲೆಯಾಗಿ ಹಬ್ಬಿದೆ. ಒಬ್ಬನಿಗೆ ಮೊದಲೇ ನೆಗಡಿ, ಮೇಲೆ ಚೆನ್ನಾಗಿ ಕುಡಿದಿದ್ದಾನೆ. ಕೆಮ್ಮು ಹತ್ತಿಕೊಂಡರೆ ಎಷ್ಟೋ ಹೊತ್ತು ಮಾತೇ ಹೊರಡುವುದಿಲ್ಲ. ಜೊತೆಗಾರ ಕನಿಕರದಿಂದ ಹೇಳುತ್ತಾನೆ: "ಬಾ, ವಾಪಸ್ ಹೋಗೋಣ. ನಿನ್ನ ಆರೋಗ್ಯ ದೊಡ್ಡದು."

"ಕೆಮ್ಮು ಯಾವ ಲೆಕ್ಕ! ಅದೇನು ನನ್ನನ್ನು ಕೊಲ್ಲುವುದಿಲ್ಲ. ನಾನು ಕೆಮ್ಮಿ ಸಾಯುವವನಲ್ಲ."

"ನಿಜ, ನಿಜ" ಎನ್ನುತ್ತಾನೆ ಇವನು.

ಅಮೆರಿಕದ ಕಥೆಗಾರ ಎಡ್ಗರ್ ಆಲನ್ ಪೋ ಬರೆದ 'ದಿ ಕ್ಯಾಸ್ಕ್ ಆಫ್ ಅಮೊಂಟಿಲಾಡೊ' ಕಥೆಯನ್ನು ಮೊದಲ ಸಲ ಓದುವಾಗ ಈ "ನಿಜ, ನಿಜ" ಕಣ್ಣಿಗೆ ಬೀಳುವುದೇ ಇಲ್ಲ. ನಾನೂ ಅದನ್ನು ದಾಟಿಕೊಂಡೇ ಹೋಗಿದ್ದೆ. ಕಥೆ ಮುಗಿಸಿ, ಮತ್ತೆ ಮೊದಲಿಂದ ಓದುತ್ತ ಇಲ್ಲಿಗೆ ಬಂದಾಗ ಬೆನ್ನಲ್ಲಿ ಚಳಿ ಹರಿಯಿತು. ಏಕೆಂದರೆ ಆ ಮನುಷ್ಯ ಸುಳ್ಳು ಹೇಳುತ್ತಿಲ್ಲ. ಕೆಮ್ಮುತ್ತಿರುವವನು ಕೆಮ್ಮಿನಿಂದ ಸಾಯುವುದಿಲ್ಲ ಎಂದು ಅವನಿಗೆ ಖಾತ್ರಿಯಾಗಿ ಗೊತ್ತು. ಹೇಗೆ ಸಾಯುತ್ತಾನೆ ಎಂಬುದೂ ಗೊತ್ತು. ಅದಕ್ಕೆ ಬೇಕಾದ ಕಲ್ಲು, ಗಾರೆ ಎಲ್ಲ ದಾರಿಯ ಕೊನೆಯಲ್ಲಿ ತಯಾರಾಗಿವೆ.

ಕಥೆ ಪ್ರಕಟವಾದದ್ದು 1846ರ ನವೆಂಬರಿನಲ್ಲಿ, ಫಿಲಡೆಲ್ಫಿಯಾದಿಂದ ಹೊರಡುತ್ತಿದ್ದ 'ಗೋಡೀಸ್ ಲೇಡೀಸ್ ಬುಕ್' ಎಂಬ ಮಹಿಳಾ ಮಾಸಪತ್ರಿಕೆಯಲ್ಲಿ. ಹೊಸ ಫ್ಯಾಷನ್ನಿನ ಉಡುಪುಗಳ ಬಣ್ಣದ ಚಿತ್ರಗಳಿಗೆ ಹೆಸರಾಗಿದ್ದ ಪತ್ರಿಕೆ ಅದು. ಅಂಥ ಪುಟಗಳ ನಡುವೆ ಒಬ್ಬ ಮನುಷ್ಯನನ್ನು ಜೀವಂತ ಗೋಡೆಗಿಡುವ ಕಥೆ. ಗಾತ್ರದಲ್ಲಿ ಚಿಕ್ಕದು, ಒಂದೇ ಕೂರಿಕೆಯಲ್ಲಿ ಓದಿ ಮುಗಿಸಬಹುದು.

ಕಥೆ ಇಷ್ಟೇ. ಇಟಲಿಯ ಯಾವುದೋ ಊರು, ಕಾರ್ನಿವಲ್ ಹಬ್ಬದ ಮುಸ್ಸಂಜೆ. ಉಪವಾಸದ ನಲವತ್ತು ದಿನ ಶುರುವಾಗುವ ಮುಂಚೆ ಊರೇ ಮುಖವಾಡ ತೊಟ್ಟು ಕುಣಿಯುವ ಹೊತ್ತು. ಮಾಂಟ್ರೆಸರ್ ಎಂಬುವನಿಗೆ ಫಾರ್ಚುನಾಟೊ ಎಂಬ ಸಿರಿವಂತನ ಮೇಲೆ ಹಗೆ. ಫಾರ್ಚುನಾಟೊಗೆ ವೈನಿನ ರುಚಿ ಹೇಳುವುದರಲ್ಲಿ ತಾನೇ ನಿಪುಣ ಎಂಬ ಜಂಬ. ಮಾಂಟ್ರೆಸರ್ ಆ ಜಂಬಕ್ಕೇ ಗಾಳ ಹಾಕುತ್ತಾನೆ: "ಅಮೊಂಟಿಲಾಡೊ ಅಂತ ಹೇಳಿ ಒಂದು ದೊಡ್ಡ ಪೀಪಾಯಿ ಮಾರಿದ್ದಾರೆ. ನನಗೇಕೋ ಅನುಮಾನ. ನಿನ್ನನ್ನು ಕೇಳದೆ ಪೂರ್ತಿ ದುಡ್ಡು ಕೊಟ್ಟುಬಿಟ್ಟೆ." ಮನೆಯ ಕೆಳಗಿನ ನೆಲಮಾಳಿಗೆಗೆ ಕರೆದೊಯ್ಯುತ್ತಾನೆ. ಅದು ವೈನು ಇಡುವ ಜಾಗವೂ ಹೌದು, ಮಾಂಟ್ರೆಸರ್ ಮನೆತನದ ಹಿರಿಯರ ಎಲುಬುಗಳನ್ನು ಪೇರಿಸಿಟ್ಟ ಜಾಗವೂ ಹೌದು. ಕೊನೆಯಲ್ಲೊಂದು ಗೂಡು: ಒಳಕ್ಕೆ 4 ಅಡಿ, ಅಗಲ 3 ಅಡಿ, ಎತ್ತರ ಆರೇಳು ಅಡಿ. ಅಲ್ಲಿ ಅವನನ್ನು ಸರಪಳಿಯಿಂದ ಬಿಗಿದು, ಬೀಗ ಹಾಕಿ, ಎದುರಿಗೆ ಗೋಡೆ ಕಟ್ಟುತ್ತಾನೆ. ಪೀಪಾಯಿ? ಅದು ಇಲ್ಲವೇ ಇಲ್ಲ. ಶೀರ್ಷಿಕೆಯಲ್ಲೇ ಕುಳಿತಿರುವ ವಸ್ತು ಕಥೆಯೊಳಗೆ ಎಲ್ಲೂ ಇಲ್ಲ.

ಇಂಗ್ಲಿಷಿನ 'ಐರನಿ' ಎಂಬುದನ್ನು ಕನ್ನಡದಲ್ಲಿ ಹೇಳಹೊರಟರೆ ಒಂದು ಪದ ಸಾಲುವುದಿಲ್ಲ. ಒಂದು ರೀತಿಯಲ್ಲಿ ಒಳ್ಳೆಯದೇ. ಇಂಗ್ಲಿಷ್ ಒಂದೇ ಚೀಲಕ್ಕೆ ತುಂಬಿದ್ದನ್ನು ನಾವು ಬೇರೆ ಬೇರೆ ಡಬ್ಬಿಗಳಲ್ಲಿ ಇಟ್ಟುಕೊಂಡಿದ್ದೇವೆ. ರಾತ್ರಿ ತಡವಾಗಿ ಮನೆಗೆ ಬಂದ ಮಗನಿಗೆ ಅಮ್ಮ, "ಬಂದ್ರಾ ಮಹಾರಾಜರು? ಇನ್ನೂ ಸ್ವಲ್ಪ ಹೊತ್ತು ಮಾಡ್ಕೊಂಡು ಬರಬಹುದಿತ್ತಲ್ಲ!" ಎನ್ನುತ್ತಾಳೆ. ಇದು ಕೊಂಕು, ಸ್ವಲ್ಪ ಮರ್ಯಾದೆಯಾಗಿ ಹೇಳಿದರೆ ವ್ಯಂಗ್ಯ. ಅಗ್ನಿಶಾಮಕ ಠಾಣೆಗೇ ಬೆಂಕಿ ಬಿದ್ದರೆ ಪತ್ರಿಕೆಯವರು ಬರೆಯುವುದು 'ವಿಪರ್ಯಾಸ'. ಇನ್ನು ನಾಟಕದಲ್ಲಿ ನಾಯಕ ನಗುತ್ತ ಹಾಲಿನ ಲೋಟ ಎತ್ತುತ್ತಾನೆ, ಅದರಲ್ಲಿ ವಿಷ ಬೆರೆತಿರುವುದು ಪ್ರೇಕ್ಷಕರಿಗೆ ಮಾತ್ರ ಗೊತ್ತು, ಹಿಂದಿನ ಸಾಲಿನಿಂದ ಯಾರೋ "ಕುಡೀಬೇಡ್ವೋ!" ಎಂದು ಕೂಗುತ್ತಾರೆ. ಇದಕ್ಕೆ ನಮ್ಮಲ್ಲಿ ಮನೆಮಾತಿನ ಹೆಸರಿಲ್ಲ, ವಿಮರ್ಶಕರು 'ನಾಟಕೀಯ ವ್ಯಂಗ್ಯ' ಎನ್ನುತ್ತಾರೆ.

ಪೋನ ಕಥೆಯಲ್ಲಿ ಈ ಮೂರೂ ಒಂದರೊಳಗೊಂದು ಹೆಣೆದುಕೊಂಡಿವೆ. ವಿಪರ್ಯಾಸ ಹೆಸರಿನಿಂದಲೇ ಶುರು: ಫಾರ್ಚುನಾಟೊ ಎಂದರೆ ಭಾಗ್ಯವಂತ. ಅವನು ತೊಟ್ಟಿರುವುದು ಕೋಡಂಗಿ ವೇಷ, ಮೈಗಂಟಿದ ಪಟ್ಟೆಪಟ್ಟೆ ಬಟ್ಟೆ, ತಲೆಗೆ ಗೆಜ್ಜೆ ಕಟ್ಟಿದ ಮೊನೆಟೋಪಿ. ಹಬ್ಬಕ್ಕೆಂದು ಹಾಕಿಕೊಂಡ ವೇಷ ಆ ರಾತ್ರಿ ನಿಜವಾಗಿಬಿಡುತ್ತದೆ. ಇನ್ನೊಂದು ಸೂಕ್ಷ್ಮ ಓದುಗರಿಗೆ ಸುಲಭಕ್ಕೆ ಸಿಗುವುದಿಲ್ಲ. ಲುಕೇಸಿ ಎಂಬ ಇನ್ನೊಬ್ಬ ವೈನ್ ಪರಿಣತನ ಬಗ್ಗೆ ಫಾರ್ಚುನಾಟೊ ಮೂಗು ಮುರಿಯುತ್ತಾನೆ: "ಅವನಿಗೆ ಅಮೊಂಟಿಲಾಡೊ ಯಾವುದು, ಶೆರ್ರಿ ಯಾವುದು ಅಂತಲೇ ತಿಳಿಯದು." ಆದರೆ ಸ್ಪೇನಿನ ಮೊಂಟಿಲ್ಲಾ ಊರಿನ ಹೆಸರು ಹೊತ್ತ ಅಮೊಂಟಿಲಾಡೊ ಶೆರ್ರಿ ಎಂಬ ವೈನಿನದೇ ಒಂದು ಬಗೆ! ಸೋನಾ ಮಸೂರಿ ಯಾವುದು, ಅಕ್ಕಿ ಯಾವುದು ಗೊತ್ತಿಲ್ಲ ಎಂದು ಒಬ್ಬನನ್ನು ಹಂಗಿಸಿದ ಹಾಗಾಯಿತು. ಕುಡಿದ ಬಾಯಿಂದ ಜಾರಿದ್ದೋ, ಜಂಬದ ಕೆಳಗೆ ಅಷ್ಟೇ ಇರುವುದೋ, ಪೋ ಹೇಳುವುದಿಲ್ಲ. ಯಾವ ಪಾಂಡಿತ್ಯದ ಆಸೆಗೆ ಬಿದ್ದು ಅವನು ಸಾಯಹೊರಟಿದ್ದಾನೋ ಆ ಪಾಂಡಿತ್ಯವೇ ಪೊಳ್ಳಿರಬಹುದು.

ಕೊಂಕಿಗಂತೂ ಲೆಕ್ಕವಿಲ್ಲ. ಕೆಮ್ಮಿಗೆ ಮದ್ದೆಂದು ಮಾಂಟ್ರೆಸರ್ ವೈನ್ ಬಾಟಲಿಯ ಕತ್ತು ಮುರಿದು ಕೊಡುತ್ತಾನೆ. ಫಾರ್ಚುನಾಟೊ ಅದನ್ನೆತ್ತಿ, "ಇಲ್ಲಿ ನಮ್ಮ ಸುತ್ತ ಮಣ್ಣಾಗಿ ಮಲಗಿರುವವರಿಗೆ" ಎಂದು ಕುಡಿಯುತ್ತಾನೆ. ಇವನು, "ನಿನ್ನ ದೀರ್ಘಾಯುಸ್ಸಿಗೆ" ಎನ್ನುತ್ತಾನೆ. ಎರಡನೆಯ ಬಾಟಲಿಯ ಹೆಸರು 'ಡಿ ಗ್ರಾವ್'. ಇಂಗ್ಲಿಷ್ ಕಿವಿಗೆ ಅದರಲ್ಲಿ 'ಗೋರಿ' ಕೇಳಿಸುತ್ತದೆ. ಅದನ್ನು ಕುಡಿದ ಮೇಲೆ ಫಾರ್ಚುನಾಟೊ ಕೈಯಲ್ಲಿ ವಿಚಿತ್ರ ಸನ್ನೆ ಮಾಡಿ, "ನೀನು ಮೇಸನ್ ಅಲ್ಲ ಬಿಡು" ಎನ್ನುತ್ತಾನೆ. ಅವನು ಕೇಳುತ್ತಿರುವುದು ಫ್ರೀಮೇಸನ್ ಎಂಬ ಗುಪ್ತ ಬಳಗದ ಬಗ್ಗೆ. ಆದರೆ ಇಂಗ್ಲಿಷಿನಲ್ಲಿ ಮೇಸನ್ ಎಂದರೆ ಗಾರೆ ಕೆಲಸದವನೂ ಹೌದು. "ನಾನೂ ಮೇಸನ್ನೇ" ಎನ್ನುತ್ತಾನೆ ಮಾಂಟ್ರೆಸರ್. "ಎಲ್ಲಿ, ಗುರುತು ತೋರಿಸು" ಎಂದರೆ ಮೇಲಂಗಿಯ ಮಡಿಕೆಯಿಂದ ಕರಣೆ ಹೊರತೆಗೆಯುತ್ತಾನೆ. ಫಾರ್ಚುನಾಟೊ ಅದನ್ನು ತಮಾಷೆ ಎಂದುಕೊಳ್ಳುತ್ತಾನೆ. ತನ್ನ ಗೋರಿ ಕಟ್ಟುವ ಸಲಕರಣೆಯನ್ನು ಕಣ್ಣಾರೆ ಕಂಡೂ ಎಚ್ಚೆತ್ತುಕೊಳ್ಳದವನು!

ಇಲ್ಲಿ ಸ್ವಲ್ಪ ನಿಲ್ಲಬೇಕು. ಅಮ್ಮನ ಕೊಂಕಿಗೂ ಮಾಂಟ್ರೆಸರನ ಕೊಂಕಿಗೂ ಒಂದು ವ್ಯತ್ಯಾಸವಿದೆ. ಅಮ್ಮನ ಮಾತು ಮಗನಿಗೆ ನಾಟಬೇಕು, ಅದಕ್ಕೇ ಆಡುವುದು. ನಾಟದಿದ್ದರೆ ಕೊಂಕು ವ್ಯರ್ಥ. ಮಾಂಟ್ರೆಸರನ ಕೊಂಕು ಎದುರಿನವನಿಗೆ ನಾಟಲೇಬಾರದು. ನಾಟಿದರೆ ಆಟ ಕೆಟ್ಟಿತು. ಅವನು ತನ್ನ ಮಾತಿನ ಎರಡನೆಯ ಅರ್ಥವನ್ನು ತಾನೊಬ್ಬನೇ ಚಪ್ಪರಿಸುತ್ತಿದ್ದಾನೆ. ಕಥೆ ಕೇಳುತ್ತಿರುವುದರಿಂದ ನಮಗೂ ಒಂದಿಷ್ಟು ಸಿಗುತ್ತದೆ, ಅಷ್ಟೇ.

ಅವನಿಗೆ ಈ ತಿರುಗುಮುರುಗು ಮಾತು ಬರೀ ಚಪಲವಲ್ಲ, ಕೆಲಸ ಮಾಡಿಸುವ ಉಪಾಯವೂ ಹೌದು. ಆ ರಾತ್ರಿ ಮನೆಯಲ್ಲಿ ಆಳುಗಳು ಇರಬಾರದು. ಅದಕ್ಕೆ ಏನು ಮಾಡುತ್ತಾನೆ? "ನಾನು ಬೆಳಗಿನವರೆಗೆ ಬರುವುದಿಲ್ಲ, ಯಾರೂ ಮನೆ ಬಿಟ್ಟು ಕದಲಬಾರದು" ಎಂದು ಕಟ್ಟಪ್ಪಣೆ ಮಾಡುತ್ತಾನೆ. ಯಜಮಾನ ಬೆನ್ನು ತಿರುಗಿಸಿದ್ದೇ ತಡ, ಎಲ್ಲರೂ ಹಬ್ಬಕ್ಕೆ ಓಡಿಹೋಗುತ್ತಾರೆ. ಫಾರ್ಚುನಾಟೊನ ಮೇಲೂ ಇದೇ ಮಂತ್ರ. "ನಿನಗೆ ಬೇರೆ ಕೆಲಸ ಇರಬಹುದು, ನಾನು ಲುಕೇಸಿಯ ಹತ್ತಿರ ಹೋಗುತ್ತೇನೆ." "ನಿನಗೆ ನೆಗಡಿ, ಅಲ್ಲಿ ವಿಪರೀತ ಥಂಡಿ." ಹೀಗೆ ಮತ್ತೆ ಮತ್ತೆ ಬೇಡ ಎನ್ನುತ್ತ ಅವನನ್ನು ಒಳಗೆ, ಇನ್ನೂ ಒಳಗೆ ಎಳೆಯುತ್ತಾನೆ. ಬಲವಂತ ಎಲ್ಲೂ ಇಲ್ಲ. ಸರಪಳಿ ಬಿಗಿದಾದ ಮೇಲೂ ಆ ಬಾಯಿ ಸುಮ್ಮನಿರುವುದಿಲ್ಲ: "ಇನ್ನೊಮ್ಮೆ ಬೇಡಿಕೊಳ್ಳುತ್ತೇನೆ, ವಾಪಸ್ ಹೋಗು. ಇಲ್ಲವೇ? ಹಾಗಾದರೆ ನಾನೇ ನಿನ್ನನ್ನು ಬಿಟ್ಟು ಹೋಗಬೇಕಾಗುತ್ತದೆ." ಇಡೀ ಕಥೆಯಲ್ಲಿ ನನಗೆ ಅತಿ ಕ್ರೂರವೆನಿಸುವುದು ಗೋಡೆಯಲ್ಲ, ಈ ಮಾತು.

ಈಗ ಸೇಡಿನ ವಿಷಯ. ಕಥೆಯ ಮೊದಲ ವಾಕ್ಯದಲ್ಲೇ ಮಾಂಟ್ರೆಸರ್ ಒಂದು ಗೆರೆ ಎಳೆಯುತ್ತಾನೆ: ಫಾರ್ಚುನಾಟೊ ಮಾಡಿದ ಸಾವಿರ ಕೇಡುಗಳನ್ನು ಹೇಗೋ ಸಹಿಸಿಕೊಂಡೆ, ಯಾವಾಗ ಅವಮಾನಕ್ಕೇ ಇಳಿದನೋ ಆಗ ಸೇಡಿನ ಶಪಥ ಮಾಡಿದೆ. ಯಾವ ಕೇಡು, ಯಾವ ಅವಮಾನ, ಒಂದನ್ನೂ ಹೇಳುವುದಿಲ್ಲ. ಓದುಗರು ಬಹಳ ಸಲ ಇದನ್ನು ಕಥೆಯ ಕೊರತೆ ಎಂದುಕೊಳ್ಳುತ್ತಾರೆ. ಆಮೇಲೆ ಅವನು ಸೇಡಿನ ಕಾನೂನು ಹೇಳುತ್ತಾನೆ. ಎರಡು ಕಲಮು. ಒಂದು, ಸೇಡು ತೀರಿಸಿಕೊಂಡವನಿಗೆ ತಿರುಗಿ ಶಿಕ್ಷೆ ತಟ್ಟಬಾರದು, ತಟ್ಟಿದರೆ ಅನ್ಯಾಯ ಸರಿಯಾಗಲಿಲ್ಲ ಎಂದೇ ಅರ್ಥ. ಎರಡು, ಸೇಡಿಗೆ ಗುರಿಯಾದವನಿಗೆ ಇದು ಸೇಡು, ಇಂಥವನೇ ತೀರಿಸಿಕೊಳ್ಳುತ್ತಿದ್ದಾನೆ ಎಂದು ಗೊತ್ತಾಗಬೇಕು. ಗೊತ್ತಾಗದೆ ಸತ್ತರೆ ಆಗಲೂ ಅನ್ಯಾಯ ಹಾಗೇ ಉಳಿಯಿತು.

ಎರಡನೆಯ ಕಲಮು ನಮಗೇನೂ ಹೊಸದಲ್ಲ. ಭೀಮ ತುಂಬಿದ ಸಭೆಯಲ್ಲಿ ತೊಡೆ ಮುರಿಯುತ್ತೇನೆಂದು ಕೂಗಿ ಹೇಳಿದವನು. ಅದೇ ಭೀಮ ಮುಂದೆ ರನ್ನನ ಗದಾಯುದ್ಧದಲ್ಲಿ ಕೊಳದ ದಡದಲ್ಲಿ ಗರ್ಜಿಸಿದಾಗ, ತಣ್ಣೀರಲ್ಲಿ ಅಡಗಿದ ದುರ್ಯೋಧನ "ನೀರೊಳಗಿರ್ದುಂ ಬೆಮರ್ತನುರಗಪತಾಕಂ." ಗದೆ ಬೀಳುವುದಕ್ಕೆ ಮುಂಚೆಯೇ ಸೇಡು ತಲುಪಿಯಾಗಿದೆ. ಯಾರು, ಏಕೆ ಎಂಬುದರಲ್ಲಿ ದುರ್ಯೋಧನನಿಗೆ ಯಾವ ಅನುಮಾನವೂ ಇಲ್ಲ. ಮಾಂಟ್ರೆಸರ್ ಇದಕ್ಕೆ ತೀರಾ ವಿರುದ್ಧ. ಬೆದರಿಕೆಯ ಒಂದು ಮಾತೂ ಆಡಲಿಲ್ಲ, ಮೊದಲಿನಂತೆಯೇ ನಗುತ್ತಿದ್ದೆ, ನನ್ನ ನಗು ಈಗ ಅವನ ಬಲಿಯ ನೆನಪಿನದು ಎಂಬುದು ಅವನಿಗೆ ಗೊತ್ತಾಗಲಿಲ್ಲ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ.

ಕಥೆಯ ಗಂಟು ಇರುವುದು ಇಲ್ಲೇ. ಮೊದಲ ಕಲಮಿಗೆ ಗುಟ್ಟು ಬೇಕು, ಎರಡನೆಯದಕ್ಕೆ ಬಿಚ್ಚುಮಾತು ಬೇಕು. ಸಿಕ್ಕಿಬೀಳಬಾರದು ಅಂದರೆ ಮುಚ್ಚಿಡಬೇಕು, ತಟ್ಟಬೇಕು ಅಂದರೆ ಹೇಳಬೇಕು. ಎಂದಾದರೊಂದು ಗಳಿಗೆ ಮಾಂಟ್ರೆಸರ್ ಕೊಂಕು ಬದಿಗಿಟ್ಟು, "ನೀನು ಇಂಥ ದಿನ ಇಂಥ ಮಾತು ಆಡಿದೆಯಲ್ಲ, ಇದು ಅದಕ್ಕೆ" ಎಂದು ನೇರ ಹೇಳಲೇಬೇಕು. ಬೇಕಾದಷ್ಟು ಹೊತ್ತಿತ್ತು. ಎದುರಿಗೆ ಬೀಗ ಬಿದ್ದ ಮನುಷ್ಯ, ಎಲ್ಲಿಗೂ ಹೋಗಲಾರ. ಮೇಲೆ ಆಳುಗಳಿಲ್ಲ. ಆದರೂ ಹೇಳುವುದಿಲ್ಲ. ತಿರುಗುಮುರುಗು ಮಾತಾಡಿ ಆಡಿ ಆ ನಾಲಗೆಗೆ ನೇರ ಮಾತು ಹೊರಳದಂತಾಗಿದೆ ಎಂಬುದು ನನ್ನ ಓದು.

ಪರೀಕ್ಷೆಗೆ ಗೋಡೆ ಕಟ್ಟುವ ದೃಶ್ಯವನ್ನು ನಿಧಾನವಾಗಿ ನೋಡಿ. ಮೊದಲ ವರಸೆ ಏಳುವಷ್ಟರಲ್ಲಿ ಒಳಗಿಂದ ಸಣ್ಣಗೆ ನರಳುವ ಸದ್ದು. ಅದು ಕುಡಿದವನ ದನಿಯಲ್ಲ ಎಂದು ಮಾಂಟ್ರೆಸರನೇ ಗಮನಿಸುತ್ತಾನೆ, ಅಂದರೆ ಅಮಲು ಇಳಿದಿದೆ. ಬಳಿಕ ದೀರ್ಘ ಮೌನ. ನಾಲ್ಕನೆಯ ವರಸೆಯ ಹೊತ್ತಿಗೆ ಸರಪಳಿ ಜಗ್ಗಾಡುವ ಸದ್ದು. ಅದನ್ನು ಚೆನ್ನಾಗಿ ಕೇಳಬೇಕೆಂದು ಕೆಲಸ ನಿಲ್ಲಿಸಿ ಎಲುಬುಗಳ ಮೇಲೆ ಕೂರುತ್ತಾನೆ. ಏಳನೆಯ ವರಸೆಗೆ ಗೋಡೆ ಎದೆಮಟ್ಟ ಬರುತ್ತದೆ. ಪಂಜು ಎತ್ತಿ ಇಣುಕಿದರೆ ಒಳಗಿಂದ ಕಿರುಚಾಟ, ಒಂದರ ಮೇಲೊಂದು. ಆಗ ಈ ಧೀರ ನಡುಗುತ್ತಾನೆ. ಕತ್ತಿ ಹಿರಿದು ಗೂಡಿನೊಳಗೆ ತಡಕುತ್ತಾನೆ. ಗೋಡೆಯ ಗಟ್ಟಿ ಕಲ್ಲಿನ ಮೇಲೆ ಕೈಯಿಟ್ಟು ನೋಡಿ ಸಮಾಧಾನ ಮಾಡಿಕೊಳ್ಳುತ್ತಾನೆ. ಆಮೇಲೆ ಫಾರ್ಚುನಾಟೊ ಕಿರುಚಿದಂತೆಲ್ಲ ತಾನೂ ಕಿರುಚುತ್ತಾನೆ, ಅವನಿಗಿಂತ ಜೋರಾಗಿ, ಅವನು ಸುಮ್ಮನಾಗುವವರೆಗೆ. ಮಾತಾಡಬೇಕಾದ ಕಡೆ ಪ್ರತಿಧ್ವನಿಯಾಗಿದ್ದಾನೆ.

ಹನ್ನೊಂದನೆಯ ವರಸೆ. ಒಂದೇ ಒಂದು ಕಲ್ಲು ಬಾಕಿ. ಒಳಗಿಂದ ಮೆಲ್ಲನೆ ನಗು ಬರುತ್ತದೆ. ಫಾರ್ಚುನಾಟೊ ಇದನ್ನೆಲ್ಲ ತಮಾಷೆ ಎನ್ನುತ್ತಿದ್ದಾನೆ: ಒಳ್ಳೇ ತಮಾಷೆ, ಮನೆಗೆ ಹೋಗಿ ವೈನ್ ಕುಡಿಯುತ್ತ ಇದನ್ನು ನೆನೆದು ನಗೋಣ, ಹೊತ್ತಾಗುತ್ತಿದೆ, ಹೆಂಡತಿ ಕಾಯುತ್ತಿರುತ್ತಾಳೆ, ಹೊರಡೋಣ. ಇದು ನಿಜವಾದ ನಂಬಿಕೆಯೋ ಬದುಕಿ ಉಳಿಯಲು ಹೂಡಿದ ಕೊನೆಯ ಉಪಾಯವೋ, ಎರಡೂ ಸಾಧ್ಯ. ಮಾಂಟ್ರೆಸರ್ ಏನನ್ನುತ್ತಾನೆ? "ಹೌದು, ಹೊರಡೋಣ."

"ದೇವರಾಣೆಗೂ, ಮಾಂಟ್ರೆಸರ್!" ಇಡೀ ಕಥೆಯಲ್ಲಿ ಫಾರ್ಚುನಾಟೊ ಇವನನ್ನು ಹೆಸರು ಹಿಡಿದು ಕರೆಯುವುದು ಇದೊಂದೇ ಸಲ.

"ಹೌದು, ದೇವರಾಣೆಗೂ!"

ಇಲ್ಲೂ ಪ್ರತಿಧ್ವನಿಯೇ. ಕೊನೆಯ ಅವಕಾಶವೂ ಕೊಂಕಿನಲ್ಲೇ ಕಳೆದುಹೋಯಿತು. ಆ ಅವಮಾನ ಯಾವುದೆಂದು ನಮಗೆ ತಿಳಿಯದಿರುವುದು ಈಗ ಕೊರತೆಯಾಗಿ ಕಾಣುವುದಿಲ್ಲ. ಕತ್ತಲಲ್ಲಿ ನಿಂತ ಫಾರ್ಚುನಾಟೊಗೂ ಅದು ತಿಳಿದಿಲ್ಲ. ಆ ವಿಷಯದಲ್ಲಿ ಪೋ ನಮ್ಮನ್ನು ಅವನ ಪಕ್ಕದಲ್ಲೇ, ಗೋಡೆಯ ಒಳಗೆ ನಿಲ್ಲಿಸಿದ್ದಾನೆ.

ಹಾಗಾದರೆ ಹಗೆಯ ಮೂಲ ಎಲ್ಲೂ ಕಾಣುವುದಿಲ್ಲವೇ? ಒಂದೇ ಒಂದು ಕಡೆ ಮುಖವಾಡ ಸರಿಯುತ್ತದೆ. ಕೆಮ್ಮಿನ ಆ ಪ್ರಸಂಗದಲ್ಲೇ ಮಾಂಟ್ರೆಸರ್ ಹೇಳುತ್ತಾನೆ: "ನೀನು ಶ್ರೀಮಂತ, ಎಲ್ಲರೂ ಗೌರವಿಸುತ್ತಾರೆ, ಮೆಚ್ಚುತ್ತಾರೆ, ಪ್ರೀತಿಸುತ್ತಾರೆ. ಒಂದು ಕಾಲಕ್ಕೆ ನಾನಿದ್ದ ಹಾಗೆ ಸುಖವಾಗಿದ್ದೀಯ. ನೀನಿಲ್ಲವಾದರೆ ಕೊರಗುವವರಿದ್ದಾರೆ. ನನ್ನದು ಬಿಡು." ಬೋನಿಗೆ ಎಳೆಯಲು ಹಾಕಿದ ಮಾತೇ ಆದರೂ 'ಒಂದು ಕಾಲಕ್ಕೆ ನಾನಿದ್ದ ಹಾಗೆ' ಎಂಬುದು ಬೇಕಿರಲಿಲ್ಲ, ತಾನಾಗಿ ಜಾರಿದೆ. ಸ್ವಲ್ಪ ಮುಂದೆ, "ನಿಮ್ಮ ಮನೆತನದ ಲಾಂಛನ ಯಾವುದು, ಮರೆತೆ" ಎನ್ನುತ್ತಾನೆ ಫಾರ್ಚುನಾಟೊ. ಇಳಿದುಹೋದ ದೊಡ್ಡ ಮನೆಯವನಿಗೆ ಇದಕ್ಕಿಂತ ಚುಚ್ಚುವ ಮಾತು ಇದೆಯೇ? ಸಾವಿರ ಕೇಡಿನ ಪಟ್ಟಿಯಲ್ಲಿ ಇಂಥವೇ ಎಷ್ಟಿದ್ದವೋ!

ಆ ಲಾಂಛನವೂ ಒಂದು ಒಗಟು. ನೀಲಿ ಹಿನ್ನೆಲೆಯಲ್ಲಿ ದೊಡ್ಡ ಚಿನ್ನದ ಪಾದ, ಹೆಡೆಯೆತ್ತಿದ ಹಾವನ್ನು ತುಳಿಯುತ್ತಿದೆ, ಹಾವಿನ ಹಲ್ಲು ಹಿಮ್ಮಡಿಯಲ್ಲಿ ಕಚ್ಚಿಕೊಂಡಿದೆ. ಕೆಳಗೆ ಲ್ಯಾಟಿನ್ ಘೋಷವಾಕ್ಯ: ನನ್ನನ್ನು ಕೆಣಕಿದವರು ಯಾರೂ ಶಿಕ್ಷೆ ತಪ್ಪಿಸಿಕೊಳ್ಳಲಾರರು. ಸ್ಕಾಟ್ಲೆಂಡಿನ ಥಿಸಲ್ ಎಂಬ ರಾಜಗೌರವದ ಘೋಷವಾಕ್ಯವೂ ಇದೇ. ಇಲ್ಲಿ ಪಾದ ಯಾರು, ಹಾವು ಯಾರು? ಮಾಂಟ್ರೆಸರ್ ತನ್ನನ್ನು ಪಾದ ಎಂದುಕೊಂಡಿರಬಹುದು. ಆದರೆ ನೆಲದಡಿಗೆ ಹರಿದು, ಕಾಣದಂತೆ ಕಚ್ಚುವವನು ಅವನೇ ಅಲ್ಲವೇ? ಎರಡರಲ್ಲಿ ಯಾವುದಾದರೂ ಇರಲಿ, ಹಲ್ಲು ಹಿಮ್ಮಡಿಯಿಂದ ಬಿಡುವುದಿಲ್ಲ, ಪಾದ ಹಾವಿನ ಮೇಲಿಂದ ಏಳುವುದಿಲ್ಲ.

ಪೋನ ಜೀವನದಲ್ಲಿ ಇದಕ್ಕೆ ಮೂಲ ಹುಡುಕುವವರಿದ್ದಾರೆ. 1846ರಲ್ಲಿ ಅವನಿಗೂ ಥಾಮಸ್ ಡನ್ ಇಂಗ್ಲಿಷ್ ಎಂಬ ಲೇಖಕನಿಗೂ ಪತ್ರಿಕೆಗಳಲ್ಲೇ ಹೊಡೆದಾಟ ನಡೆದಿತ್ತು. ಇಂಗ್ಲಿಷ್ ತನ್ನ ಧಾರಾವಾಹಿ ಕಾದಂಬರಿಯಲ್ಲಿ ಪೋನನ್ನು ಹೋಲುವ ಕುಡುಕನ ಪಾತ್ರವನ್ನೂ ತಂದ. ಪತ್ರಿಕೆಯೊಂದರ ಮೇಲೆ ಪೋ ಹೂಡಿದ ಮಾನನಷ್ಟ ಮೊಕದ್ದಮೆ 1847ರ ಫೆಬ್ರವರಿಯಲ್ಲಿ ಅವನ ಕಡೆಗಾಯಿತು, ಸಿಕ್ಕ ಪರಿಹಾರ 225 ಡಾಲರ್ ಚಿಲ್ಲರೆ. ಆ ಜಗಳದ ಬಿಸಿ ಕಥೆಯಲ್ಲಿದೆ, ಒಪ್ಪೋಣ. ಆದರೆ ಅದೇ ಕಥೆಯ ಕೀಲಿಕೈ ಎಂದರೆ ಕಥೆ ಕುಗ್ಗಿಹೋಗುತ್ತದೆ. ನನ್ನನ್ನು ಕಾಡುವುದು ಬೇರೆ ಸಂಗತಿ. ಆ ವರ್ಷ ನ್ಯೂಯಾರ್ಕ್ ಹೊರವಲಯದ ಫೋರ್ಡಮ್‌ನ ಪುಟ್ಟ ಮನೆಯಲ್ಲಿ ಪೋನ ಹೆಂಡತಿ ವರ್ಜೀನಿಯಾ ಕ್ಷಯದಿಂದ ಹಾಸಿಗೆ ಹಿಡಿದಿದ್ದಳು. ಕಥೆ ಅಚ್ಚಾಗಿ ಮೂರು ತಿಂಗಳೊಳಗೆ, 1847ರ ಜನವರಿ 30ರಂದು ತೀರಿಕೊಂಡಳು. ಮನೆಯಲ್ಲಿ ಅಂಥ ಕೆಮ್ಮು ಕೇಳಿದವನು 'ಕೆಮ್ಮಿ ಸಾಯುವವನಲ್ಲ' ಎಂಬ ಸಾಲು ಬರೆದ.

ಪೋನ ಇನ್ನೆರಡು ಕಥೆ ಓದಿದವರಿಗೆ ಇಲ್ಲಿ ಒಂದು ಬದಲಾವಣೆ ಕಾಣುತ್ತದೆ. 1843ರ 'ದಿ ಟೆಲ್-ಟೇಲ್ ಹಾರ್ಟ್' ಮತ್ತು 'ದಿ ಬ್ಲ್ಯಾಕ್ ಕ್ಯಾಟ್' ಎರಡರಲ್ಲೂ ಕೊಲೆಗಾರ ಹೆಣವನ್ನು ಮನೆಯಲ್ಲೇ ಹುಗಿದು, ಪೊಲೀಸರ ಎದುರು ತಾನೇ ತಡೆಯಲಾರದೆ ಸಿಕ್ಕಿಬೀಳುತ್ತಾನೆ. ಮಾಂಟ್ರೆಸರ್ ಸಿಕ್ಕಿಬೀಳುವುದಿಲ್ಲ. ಯಾರೂ ಬಾಗಿಲು ತಟ್ಟುವುದಿಲ್ಲ. 50 ವರ್ಷ ಕಳೆಯುತ್ತದೆ. ಆಗ, ಮುದುಕನಾಗಿ, "ನನ್ನ ಆತ್ಮದ ಸ್ವಭಾವ ಚೆನ್ನಾಗಿ ಬಲ್ಲ ನೀನು" ಎಂದು ಯಾರಿಗೋ ಇದನ್ನೆಲ್ಲ ಹೇಳುತ್ತಾನೆ. ಆ 'ನೀನು' ಯಾರು? ಸಾಯುವ ಮುನ್ನ ತಪ್ಪೊಪ್ಪಿಗೆ ಕೇಳಲು ಬಂದ ಪಾದ್ರಿ ಎಂದು ಹಲವರ ಊಹೆ. ಹಾಗಿದ್ದರೂ ಇದು ಪಶ್ಚಾತ್ತಾಪವೋ ಬಡಾಯಿಯೋ ಎಂದು ಬಿಡಿಸುವುದು ಕಷ್ಟ. ಒಂದಂತೂ ಇದೆ: ಕೆಲಸ ಪೂರ್ತಿಯಾಗಿದ್ದರೆ ಅರ್ಧ ಶತಮಾನದ ಮೇಲೂ ಪ್ರತಿ ವರಸೆಯ ಲೆಕ್ಕ ಅವನಿಗೇಕೆ ನೆನಪಿರಬೇಕು? ಕೊನೆಯ ಲ್ಯಾಟಿನ್ ಮಾತು 'ಶಾಂತಿಯಲ್ಲಿ ವಿಶ್ರಮಿಸಲಿ' ಎಂಬ ಪ್ರಾರ್ಥನೆ, ಸತ್ತವರಿಗೆ ಹೇಳುವಂಥದ್ದು. ಅದನ್ನು ಅವನು ಫಾರ್ಚುನಾಟೊಗೇ ಹೇಳಿದ್ದು ಎಂದು ಖಡಾಖಂಡಿತವಾಗಿ ಹೇಳಲು ನನಗಂತೂ ಧೈರ್ಯವಿಲ್ಲ.

ಮತ್ತೆ ಗೋಡೆಯ ಹತ್ತಿರ ಬರೋಣ. "ದೇವರಾಣೆಗೂ" ಎಂದ ಮೇಲೆ ಮಾಂಟ್ರೆಸರ್ ಉತ್ತರಕ್ಕೆ ಕಿವಿಗೊಟ್ಟು ನಿಲ್ಲುತ್ತಾನೆ. ಏನೂ ಇಲ್ಲ. ತಾಳ್ಮೆ ತಪ್ಪುತ್ತದೆ. "ಫಾರ್ಚುನಾಟೊ!" ಎಂದು ಕೂಗುತ್ತಾನೆ. ಇಲ್ಲ. "ಫಾರ್ಚುನಾಟೊ!" ಮತ್ತೂ ಇಲ್ಲ. ಈವರೆಗೆ ಎದುರಿನವನ ಮಾತನ್ನೇ ತಿರುಗಿಸಿ ಎಸೆದು ಆಟ ನಡೆಸಿದವನು ಇವನು. ಈಗ ತಿರುಗಿಸಲು ಮಾತೇ ಇಲ್ಲ. ಉಳಿದ ಸಂದಿಯಲ್ಲಿ ಪಂಜು ತೂರಿಸಿ ಒಳಗೆ ಬೀಳಿಸುತ್ತಾನೆ. ಬರುವುದು ಗೆಜ್ಜೆಯ ಸದ್ದು ಮಾತ್ರ. ಎದೆಯೊಳಗೆ ಏನೋ ಸಂಕಟವಾಗುತ್ತದೆ, ನೆಲಮಾಳಿಗೆಯ ಥಂಡಿಗೆ ಹಾಗಾಯಿತು ಎಂದು ತಾನೇ ವಿವರಣೆ ಕೊಡುತ್ತಾನೆ. ಆಮೇಲೆ ಅವಸರ ಅವಸರವಾಗಿ ಕೊನೆಯ ಕಲ್ಲನ್ನು ಒತ್ತಿ ಕೂರಿಸಿ, ಗಾರೆ ಮೆತ್ತಿ, ಹಿರಿಯರ ಎಲುಬುಗಳನ್ನು ಮೊದಲಿದ್ದ ಹಾಗೆ ಹೊಸ ಗೋಡೆಗೆ ಒತ್ತಾಗಿ ಪೇರಿಸಿಡುತ್ತಾನೆ.